ಎದುರು ಕುರ್ಚಿಯ ಅಂಕ

ಮನೋಮಾಪಕ ಗುಂಯ್ ಎನ್ನತೊಡಗಿದಾಗ ಫಕ್ಕೀರವ್ವನ ಅಂಕ ನಲವತ್ತೊಂದಿತ್ತು. ನಲವತ್ತು ದಾಟಿದರೆ ಸರ್ಕಾರದ ಪಿಂಚಣಿ, ಬಾಡಿಗೆಗೊಂದು ಕೋಣೆ. ದಾಟದಿದ್ದರೆ ಇನ್ನೊಂದು ವರ್ಷ ಅಣ್ಣನ ಮನೆಯ ಮೂಲೆ, ಅತ್ತಿಗೆ ನಿಟ್ಟುಸಿರು ಬಿಡುತ್ತಾ ಬಡಿಸುವ ರೊಟ್ಟಿ. ಖಿನ್ನತೆ ಬಂದ ಮೇಲೆ ಎರಡು ವರ್ಷದಿಂದ ಆಕೆ ಹೊಲಿಗೆ ಯಂತ್ರದ ಮುಸುಕು ತೆಗೆದಿರಲಿಲ್ಲ.

ಹಿಂದೆಲ್ಲ ಮನಸ್ಸಿನ ಕಾಯಿಲೆಯವರು ಅಧಿಕಾರಿಗಳೆದುರು ಅತ್ತು ತೋರಿಸಬೇಕಿತ್ತು. ‘ಕೈಕಾಲು ನೆಟ್ಟಗದಾವಲ್ಲ, ನಿನಗ್ಯಾಕ ಪಿಂಚಣಿ?’ ಎಂದು ಅನ್ನಿಸಿಕೊಂಡು ಹಿಂದಿರುಗಬೇಕಿತ್ತು. ಆ ಅವಮಾನ ತಪ್ಪಿಸಲೆಂದೇ ಡಾ. ವೈಜಯಂತಿ ಕುಂಬಾರ ಈ ಯಂತ್ರವನ್ನು ರೂಪಿಸಿದ್ದರು. ತಲೆಗೆ ಬಿಗಿದ ಪಟ್ಟಿ ಮಿದುಳಿನ ವಿದ್ಯುತ್ತನ್ನು ಓದುತ್ತದೆ. ‘ಬೇಕು’ ಎಂಬ ಭಾವ ಹುಟ್ಟುವ ಭಾಗ ಮಂಕಾದಷ್ಟೂ ಅಂಕ ಏರುತ್ತದೆ. ಲಂಚಕ್ಕೆ ಎಡೆಯಿರಬಾರದೆಂದು ಸರ್ಕಾರ ತನ್ನದೊಂದು ನಿಯಮ ಸೇರಿಸಿತು: ಅರ್ಜಿದಾರರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಬೇಕು, ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣಬೇಕು, ಇಪ್ಪತ್ತನೆಯ ನಿಮಿಷಕ್ಕೆ ಗಂಟೆ ಹೊಡೆದಾಗ ಇದ್ದದ್ದೇ ಅಂತಿಮ. ಕಾಗದದ ಮೇಲೆ ಎಷ್ಟು ಚೆಂದದ ನಿಯಮ! ಬರೆದ ಮಹಾಶಯ ಆ ಕುರ್ಚಿಯಲ್ಲಿ ಒಮ್ಮೆಯೂ ಕೂತವನಲ್ಲ.

ಎದುರು ಕುರ್ಚಿಗೆ ಬಂದವಳು ಫಕ್ಕೀರವ್ವನದೇ ಓಣಿಯ ಶಕುಂತಲಾ. ಅದೇ ಕಾಯಿಲೆ, ಅಂಕ ಮಾತ್ರ ಅರವತ್ತನಾಲ್ಕು. ಗಂಡ ಅವಳ ತಲೆ ಬಾಚಿ, ಸ್ಕೂಟರಿನಲ್ಲಿ ಕರೆತಂದು, ಈಗ ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಫಕ್ಕೀರವ್ವ ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಕಾಯಿಲೆಯನ್ನು ಕೊಡುವಾಗಲೂ ದೇವರು ಅವಳಿಗೇ ಒಂದು ಹಿಡಿ ಜಾಸ್ತಿ ಹಾಕಬೇಕೆ? ಫಕ್ಕೀರವ್ವನ ಹೊಟ್ಟೆ ಧಗಧಗ ಉರಿಯಿತು. ಅಂಕ ಮೂವತ್ತೆಂಟಕ್ಕೆ ಇಳಿಯಿತು.

“ಡಾಕ್ಟರವ್ವಾರ, ನಿಮ್ಮ ಯಂತ್ರ ಕೆಟ್ಟೈತ್ರೀ! ನನ್ನ ಸಂಕಟ ಹೆಚ್ಚಾದಂಗೆಲ್ಲಾ ಅಂಕಿ ಇಳಿಯಾಕತ್ತೈತಿ.”

ಯಂತ್ರದ ಪಕ್ಕ ನಿಂತಿದ್ದ ವೈಜಯಂತಿ ತೆರೆಯನ್ನು ನೋಡಿ ಹುಬ್ಬುಗಂಟಿಕ್ಕಿದರು. “ಈಗ ಏನ್ ಅನಸ್ತದ? ಮುಚ್ಚಿಡಬ್ಯಾಡ್ರಿ.”

“ಹೊಟ್ಟಿಕಿಚ್ಚು! ಇನ್ನೇನ್ ಅನಸ್ಬೇಕು? ಗಂಡ ಅದಾನ, ಸ್ಕೂಟರ್ ಐತಿ, ಇನ್ನ ಪಿಂಚಣಿನೂ ಆಕೀಗೇ. ನನಗೇನೈತಿ, ಮಣ್ಣು?”

“ಅದಕ್ಕs ಇಳದದ. ಹೊಟ್ಟಿಕಿಚ್ಚು ಅಂದ್ರ ಏನೋ ಬೇಕನಸೋದು. ಎರಡು ವರ್ಷದಾಗ ನಿಮಗ ಏನರ ಬೇಕನಿಸಿತ್ತೇನು? ಯಂತ್ರ ಇದನ್ನ ಚೇತರಿಕೆ ಅಂತ ಓದತದ.”

“ಹಂಗಾರ ಹೊಟ್ಟಿ ಉರದಾಕಿಗೆ ರೊಟ್ಟಿ ಬ್ಯಾಡೇನ್ರೀ?”

ವೈಜಯಂತಿ ಗಡಿಯಾರದತ್ತ ನೋಡಿದರು. ಆಗ ನಾಲ್ಕು ತಿಂಗಳಿಂದ ಮಾತೇ ಆಡದಿದ್ದ ಶಕುಂತಲಾ ಮುಖ ಎತ್ತಿದಳು.

“ಫಕ್ಕೀರಕ್ಕಾ, ನನ್ನ ಮ್ಯಾಲೆ ಹೊಟ್ಟಿಕಿಚ್ಚಾ? ಖರೇನಾ? ನಾ ಜಳಕಾ ಮಾಡಿ ಎಂಟು ದಿನ ಆತು!”

ಅವಳಿಗೆ ನಗು ಬಂತು. ಮೊದಲು ಕೆಮ್ಮಿನಂತೆ ಸಣ್ಣಗೆ, ಆಮೇಲೆ ಭುಜ ಕುಲುಕುವಷ್ಟು. ಗಂಡನ ಕೈಯಿಂದ ಬಾಟಲಿ ಜಾರಿ ಬಿತ್ತು. ಅಂಕ ಐವತ್ತೆರಡಾಯಿತು, ನಲವತ್ತೈದಾಯಿತು. ಗಂಟೆಗೆ ಇನ್ನೊಂದೇ ನಿಮಿಷವಿತ್ತು.

“ತಂಗೀ, ಒಂದು ನಿಮಿಷ ನಗಬ್ಯಾಡವಾ!” ವೈಜಯಂತಿ ಕೂಗಿಯೇಬಿಟ್ಟರು. ರೋಗಿಗೆ ನಗಬೇಡ ಎಂದ ವೈದ್ಯೆ ಅವರೊಬ್ಬರೇ ಇರಬೇಕು.

“ನಗಲಿ ಬಿಡ್ರೀ ಮೇಡಂ,” ಎಂದ ಗಂಡ. “ಹೋದ್ರ ಹೋಗವಲ್ದ್ಯಾಕ ನಿಮ್ಮ ಪಿಂಚಣಿ.”

ಶಕುಂತಲಾಳ ಅಂಕ ಮೂವತ್ತೇಳಕ್ಕೆ ನಿಂತಿತು. ಫಕ್ಕೀರವ್ವ ಅದನ್ನು ನೋಡಿದಳು. ತನ್ನ ಬಾಯಿಯೇ ಅವಳ ಅನ್ನ ಕಸಿಯಿತು ಅನಿಸಿತು. ಹೊಟ್ಟೆಯ ಉರಿ ತಣ್ಣಗಾಯಿತು. ಆ ಜಾಗಕ್ಕೆ ಹಳೆಯ ಖಾಲಿತನ ಬಂದು ಕೂತಿತು. ಕೋಣೆ ಬೇಡ, ರೊಟ್ಟಿ ಬೇಡ, ಏನೂ ಬೇಡ. ಅವಳ ಅಂಕ ಮೂವತ್ತೊಂಬತ್ತಾಯಿತು, ನಲವತ್ತಮೂರಾಯಿತು. ಗಂಟೆ ಹೊಡೆಯಿತು.

ಯಂತ್ರ ಫಕ್ಕೀರವ್ವನ ಹೆಸರಿನ ಪ್ರಮಾಣಪತ್ರವನ್ನು ಹೊರಹಾಕಿತು. ಶಕುಂತಲಾ ಅದನ್ನೇ ದಿಟ್ಟಿಸಿದಳು.

“ಈಗ ನನಗ ಹೊಟ್ಟಿಕಿಚ್ಚು ಆಗಾಕತ್ತೈತಿ ನೋಡಕ್ಕಾ.”

“ಹಂಗಾರ ನೀನs ತಗೊಂಡು ಹೋಗವಾ,” ಎಂದು ಫಕ್ಕೀರವ್ವ ಕಾಗದ ಚಾಚಿದಳು. “ನನಗೇನೂ ಬ್ಯಾಡ.”

ಅದು ಔದಾರ್ಯದ ಮಾತಾಗಿರಲಿಲ್ಲ. ಆ ದನಿ ಶಕುಂತಲಾಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆಯವರೆಗೆ ಅದು ಅವಳೊಳಗಿನದೇ ದನಿಯಾಗಿತ್ತು. ಅವಳು ಎದ್ದು ಬಂದು ಕಾಗದವನ್ನು ಸಣ್ಣಗೆ ಮಡಚಿ ಫಕ್ಕೀರವ್ವನ ಸೆರಗಿನ ತುದಿಗೆ ಗಂಟು ಹಾಕಿದಳು.

“ಇಟ್ಕೋ ಅಕ್ಕಾ. ಮತ್ತ ಹೊಟ್ಟಿಕಿಚ್ಚು ಬಂದ ದಿನ ಬೇಕಾಗತೈತಿ.”