ಸೋಂಪಿನ ವಾಸನೆಯ ಅಣಬೆ

ಅಣಬೆಯನ್ನು ಅಂಗೈ ಮೇಲಿಟ್ಟುಕೊಂಡು ಅವನು ಅವಳ ಮೂಗಿನ ಹತ್ತಿರ ತರುತ್ತಿದ್ದ. ಉಗುರಿಗಿಂತ ಸ್ವಲ್ಪ ದೊಡ್ಡ ಕೊಡೆ, ಕಡ್ಡಿಯಂಥ ತೊಟ್ಟು, ಮೇಲಿಂದ ಕೆಳಗಿನವರೆಗೂ ಬಿಳಿ. "ಏನು ವಾಸನೆ, ಹೇಳಿ" ಎಂದು ಕೇಳುತ್ತಿದ್ದ. ಕೇಳುವಾಗ ಅಣಬೆಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ.

ಅಷ್ಟು ಹತ್ತಿರದಿಂದ ಅಷ್ಟು ಆಸೆಯಿಂದ ನೋಡಿದರೆ ಯಾರಿಗೆ ತಾನೇ ನೆಟ್ಟಗೆ ಉತ್ತರ ಬಂದೀತು? ಮೊದಲ ದಿನ ಅವಳು "ಒದ್ದೆ ಗೋಡೆ" ಎಂದಳು. ಇನ್ನೊಂದು ದಿನ "ಹೊಸ ಚಪ್ಪಲಿ" ಎಂದಳು. "ನಮ್ಮಕ್ಕನ ಕೋಪ" ಎಂದದ್ದೂ ಉಂಟು. ಅವನು ನಗದೆ, ಗಂಭೀರವಾಗಿ ತಲೆಯಾಡಿಸಿ, ಇನ್ನೊಂದು ಸಲ ನೋಡೋಣ ಎಂದು ತನ್ನ ಮೇಜಿಗೆ ಹೋಗುತ್ತಿದ್ದ. ಹೋಗುವಾಗ ಕಿವಿಯ ತುದಿ ಕೆಂಪಾಗಿರುತ್ತಿತ್ತು. ಅಥವಾ ಅವಳಿಗೆ ಹಾಗೆ ಕಾಣುತ್ತಿತ್ತು.

ಅವಳು ಚಿತ್ರಗಾರ್ತಿ. ಸಸ್ಯ ಸಂಗ್ರಹಾಲಯದವರು ಕಾಡಿನ ಅಣಬೆಗಳ ಬಗ್ಗೆ ಒಂದು ಕೈಪಿಡಿ ತರುತ್ತಿದ್ದರು. ಅದಕ್ಕೆ ಚಿತ್ರ ಬರೆಯಲು ಕಾಂಟ್ರಾಕ್ಟ್ ಮೇಲೆ ಬಂದವಳು. ಅವನು ಅಲ್ಲಿನ ಅಣಬೆ ತಜ್ಞ, ಎಲ್ಲರ ಬಾಯಲ್ಲೂ ಅಣಬೆ ಸರ್. ಎರಡನೇ ಮಹಡಿಯ ಉದ್ದ ಕೋಣೆಯಲ್ಲಿ ಕಿಟಕಿಯ ಹತ್ತಿರದ ಮೇಜು ಅವಳದು, ಮೈಕ್ರೋಸ್ಕೋಪಿನ ಪಕ್ಕದ್ದು ಅವನದು. ನಡುವೆ ಅಣಬೆ ಒಣಗಿಸುವ ಪೆಟ್ಟಿಗೆ ಇಡೀ ದಿನ ಗುಂಯ್ ಎನ್ನುತ್ತಿತ್ತು.

ಪುಸ್ತಕದಲ್ಲಿ ಉಳಿದೆಲ್ಲ ಮುಗಿದು ಈ ಬಿಳಿ ಅಣಬೆಯೊಂದು ಬಾಕಿ ಇತ್ತು. ಇದು ಯಾವ ಜಾತಿ ಎಂದು ಗೊತ್ತಾದರೆ ಚಿತ್ರದ ಕೆಳಗೆ ಹೆಸರು ಬೀಳುತ್ತದೆ, ಹೆಸರು ಬಿದ್ದ ದಿನ ಅವಳ ಕೆಲಸ ಮುಗಿಯುತ್ತದೆ. ಚಿತ್ರವನ್ನೇನೋ ಅವಳು ಎಂದೋ ಬರೆದು ಕೊಟ್ಟಿದ್ದಳು. ತೊಟ್ಟಿನ ಬುಡದ ನವಿರು, ಆ ಕೂದಲಿನಂಥ ಎಳೆಗಳು, ಇನ್ನೂ ತೆಳ್ಳಗಿರಬೇಕು ಎಂದು ಅವನು ವಾಪಸ್ ಕೊಡುತ್ತಲೇ ಇದ್ದ.

"ನಿನ್ನ ಕಾಲಲ್ಲಿ ಚಕ್ರ ಇದೆ ಕಣೇ ಪುಟ್ಟಿ" ಎಂಬುದು ಅವಳ ಅಕ್ಕನ ಹಳೇ ಮಾತು. ಸುಳ್ಳಲ್ಲ. ಒಂದು ಊರಲ್ಲಿ ಪಾತ್ರೆ ಜೋಡಿಸಿಟ್ಟುಕೊಳ್ಳುವಷ್ಟರಲ್ಲಿ ಅವಳು ಇನ್ನೊಂದು ಊರಿನ ಬಸ್ಸು ಹತ್ತಿರುತ್ತಿದ್ದಳು. ಈಗ ಅಕ್ಕ ತನ್ನೂರಿನ ಪ್ರಕಾಶನವೊಂದರಲ್ಲಿ ಕಾಯಂ ಕೆಲಸ ನೋಡಿದ್ದಳು. ಈ ವಾರದೊಳಗೆ ಹೂಂ ಅನ್ನು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತೆ ಎಂದು ದಿನಾ ಫೋನು. ಹೂಂ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಹೋಗಲು ಮನಸ್ಸಿಲ್ಲ, ಇರಲು ಕಾರಣವಿಲ್ಲ. ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ಬಾಲ ಸುಟ್ಟ ಬೆಕ್ಕಿನ ಹಾಗೆ ಆ ಕೋಣೆಯಲ್ಲಿ ಓಡಾಡುತ್ತಿದ್ದಳು. ಬ್ರಷ್ಷು ತೊಳೆದದ್ದನ್ನೇ ತೊಳೆಯುತ್ತಿದ್ದಳು.

ಕಾರಣ ಅವನು ಕೊಡಬಹುದಿತ್ತು. ಕೊಡುತ್ತಿದ್ದಾನೇನೋ ಎಂದೇ ಅವಳು ನಂಬಿದ್ದಳು. ಇಲ್ಲದಿದ್ದರೆ ಇಷ್ಟು ಓದಿದವನಿಗೆ ಒಂದು ಪುಟಾಣಿ ಬಿಳಿ ಅಣಬೆ ಗುರುತಿಸಲು ಇಷ್ಟು ದಿನ ಬೇಕೇ? ವಾಸನೆ ಕೇಳುವುದೊಂದು ನೆಪ, ನವಿರು ಇನ್ನೊಂದು ನೆಪ. ಸರಿ, ಆಟ ಅವನದಾದರೆ ತಾನೂ ಆಡುವುದು ಎಂದು ಅವಳು ತರಹೇವಾರಿ ಉತ್ತರ ಕೊಡುತ್ತ ಹೋದಳು. ನಿಜವಾಗಿ ಅದಕ್ಕೆ ಇದ್ದದ್ದು ಹಸಿ ಹಿಟ್ಟಿನ ವಾಸನೆ, ಹಿಟ್ಟಿನ ಡಬ್ಬದ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅದೇ. ಅದು ಅವನಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದಳು.

ಅವನ ಮೇಜಿನ ಮೇಲೆ ಸೋಂಪಿನ ಸ್ಟೀಲ್ ಡಬ್ಬಿಯೊಂದು ಇರುತ್ತಿತ್ತು. ಬೆಳಿಗ್ಗೆ ಬಂದವನೇ ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಎಂದು ಅವಳು ನಗುತ್ತಿದ್ದಳು. ಊಟವಾದ ಮೇಲೆ ಆ ಡಬ್ಬಿಯಿಂದ ಚಿಟಿಕೆ ಸೋಂಪು ಅವಳ ಅಂಗೈಗೆ ಬೀಳುತ್ತಿತ್ತು.

ಸೋಮವಾರ ಸೋಂಪು ಹಾಕುವಾಗ ಅವನ ಬೆರಳು ಅವಳ ಅಂಗೈಯಲ್ಲಿ ಒಂದು ಗಳಿಗೆ ನಿಂತಿತು. ಇಬ್ಬರೂ ಬೆರಳನ್ನೇ ನೋಡಿದರು. ಗಾಬರಿಯಲ್ಲಿ ಅವನು ಆ ದಿನದ ಅಣಬೆಯನ್ನು ಮುಂದೆ ಹಿಡಿದು, ಏನು ವಾಸನೆ ಎಂದ. ಅವಳಿಗೆ ಇನ್ಯಾವ ವಾಸನೆಯೂ ನೆನಪಿರಲಿಲ್ಲ.

"ಸೋಂಪು" ಎಂದಳು.

ಈ ಸಲ ಅವನು ನಗಬೇಕಿತ್ತು. ಬದಲಿಗೆ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. "ಖಂಡಿತಾನಾ?" ಎಂದ. ಅವನ ಮುಖ ನೋಡಿದರೆ ಹಾಲು ಕುಡಿದಷ್ಟು ಸಂತೋಷ. ಅವಳು ತುಂಟತನದಿಂದಲೇ ಖಂಡಿತ ಎಂದಳು. ಅವನು ಕೂತು ಚಿತ್ರದ ಕೆಳಗೆ ಹೆಸರು ಬರೆದೇ ಬಿಟ್ಟ.

"ಮುಗೀತು ಮೇಡಂ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದ.

ಮುಗೀತು. ಅಷ್ಟು ಸಲೀಸಾಗಿ. ಸುಳ್ಳೆಂದು ಗೊತ್ತಿದ್ದೂ ಒಪ್ಪಿಕೊಂಡನಲ್ಲ, ಕಳಿಸಿಬಿಡುವ ಅವಸರ ಅಷ್ಟಿತ್ತೇ ಎಂದು ಅವಳಿಗೆ ಉರಿದುಹೋಯಿತು. ಆಟ ಎಂದುಕೊಂಡಿದ್ದು ತಾನೊಬ್ಬಳೇ. ರೂಮಿಗೆ ಹೋಗಿ ಸೂಟ್‌ಕೇಸ್ ಇಳಿಸಿದಳು, ಅರ್ಧ ತುಂಬಿದಳು, ಮತ್ತೆ ತೆಗೆದಳು. ಅಕ್ಕನಿಗೆ ಫೋನು ಹಚ್ಚಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದಳು. ಹೊರಗೆ ಹೋಗಿ ನಾಲ್ಕು ಬೀದಿ ಸುತ್ತಿ ಬಂದರೂ ಮೈಮೇಲೆ ಇರುವೆ ಬಿಟ್ಟಂತೆಯೇ ಇತ್ತು.

ಬುಧವಾರ ಸಂಜೆ ಅವಳು ತನ್ನ ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಳು. ಮೆಟ್ಟಿಲಲ್ಲೇ ಹಾಲು ಸೀದ ವಾಸನೆ. ಓಡಿ ಒಳಗೆ ಬಂದರೆ, ಮೂಲೆಯ ಕರೆಂಟ್ ಒಲೆಯ ಮೇಲೆ ಟೀಗಿಟ್ಟ ಹಾಲು ಬತ್ತಿ, ಪಾತ್ರೆ ಕಪ್ಪಾಗಿ, ಸಣ್ಣಗೆ ಹೊಗೆ ಏಳುತ್ತಿದೆ. ಒಲೆಗೆ ಬೆನ್ನು ಹಾಕಿ, ಕೈಗೆಟುಕುವಷ್ಟು ಹತ್ತಿರದಲ್ಲಿ ಅವನು ಕೂತು ನಿಶ್ಚಿಂತೆಯಾಗಿ ಬರೆಯುತ್ತಿದ್ದ.

ಅವಳು ಒಲೆ ಆರಿಸಿದಳು. "ಸರ್, ನಿಮಗೆ ವಾಸನೆ ಬರ್ಲಿಲ್ವಾ?" ಎಂದಳು. ಅವನು ತಿರುಗಿ ಪಾತ್ರೆ ನೋಡಿದ. ಅವನಿಗೆ ವಾಸನೆಯೇ ಬರುವುದಿಲ್ಲ ಎಂದು ಆಗ ಅವಳಿಗೆ ಹೊಳೆಯಿತು.

ಅವನು ನಿಧಾನವಾಗಿ ಹೇಳಿದ. ಹೋದ ವರ್ಷ ಒಂದು ಜ್ವರ ಬಂದು ಬಿಟ್ಟಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಯಾರಿಗೂ ಹೇಳಿಲ್ಲ. ಮೂಗಿಲ್ಲದ ಅಣಬೆ ತಜ್ಞನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮರಳಿ ಬರಬಹುದು, ಗೊತ್ತಿರುವ ವಾಸನೆಯೊಂದನ್ನು ದಿನಾ ಮೂಸಿ ಎಂದು ವೈದ್ಯರು ಹೇಳಿದ್ದಾರೆ, ಅದಕ್ಕೇ ಸೋಂಪಿನ ಡಬ್ಬಿ. ಈ ಬಿಳಿ ಅಣಬೆಯದೇ ಪೀಕಲಾಟ. ಕೊಡೆ, ತೊಟ್ಟು, ಕೊಡೆಯಡಿಯಿಂದ ಉದುರುವ ಬೀಜಕದ ಪುಡಿ ಎಲ್ಲದರಲ್ಲೂ ಅಕ್ಕತಂಗಿಯರ ಹಾಗಿರುವ ಎರಡು ಜಾತಿಗಳಿವೆ. ಬೇರೆ ಮಾಡಲು ವಾಸನೆಯೊಂದೇ ದಾರಿ. ಯಾವ ವಾಸನೆ ಎಂದು ಮೊದಲೇ ಹೇಳಿದರೆ ಮೂಗು ಅದನ್ನೇ ಹುಡುಕುತ್ತದೆ ಎಂದು ಅವಳಿಗೆ ಹೇಳಿರಲಿಲ್ಲ.

"ಸೋಂಪಿನ ವಾಸನೆ ಇದ್ರೆ ತಿಂದ್ರೂ ಏನಾಗಲ್ಲ, ಹಾಗೇ ಬರ್ದಿದೀನಿ" ಎಂದ. "ಹಸಿ ಹಿಟ್ಟಿನ ವಾಸನೆ ಇದ್ರೆ ವಿಷ. ನಾಳೆ ಪ್ರಿಂಟಿಗೆ ಹೋಗುತ್ತೆ. ನೀವಿಲ್ದಿದ್ರೆ ನನ್ನ ಕಥೆ ಏನಾಗ್ತಿತ್ತೋ."

ಅಲ್ಲಿಂದ ಕಾಲು ಕಿತ್ತುಬಿಡೋಣ ಎನ್ನಿಸಿತು ಅವಳಿಗೆ. ಜನ ಈ ಪುಸ್ತಕ ಹಿಡಿದುಕೊಂಡು ಕಾಡಿಗೆ ಹೋಗುತ್ತಾರೆ, ಚಿತ್ರ ನೋಡಿ ಕಿತ್ತು ತಂದು ಮನೆಯವರಿಗೆ ಬೇಯಿಸಿ ಹಾಕುತ್ತಾರೆ. ಚಿತ್ರ ಅವಳದೇ, ಬಹಳ ಚೆನ್ನಾಗಿಯೂ ಬಂದಿತ್ತು. ಅವನು ಅವಳನ್ನು ಇರಿಸಿಕೊಳ್ಳಲು ತಡ ಮಾಡಿರಲಿಲ್ಲ, ಅವಳ ಹುಡುಗಾಟದ ಉತ್ತರಗಳನ್ನು ಶಾಸ್ತ್ರವೆಂದು ನಂಬಿ ಒದ್ದಾಡಿದ್ದ. ಇಷ್ಟು ದಿನ ಕಟ್ಟಿಕೊಂಡಿದ್ದ ಆಸೆ ಆ ಸೀದ ಪಾತ್ರೆಯ ಹಾಗೆ ಅವಳೆದುರೇ ಕಪ್ಪಾಗಿ ಕೂತಿತು.

"ಸರ್, ಅದು ಸೋಂಪಲ್ಲ" ಎಂದಳು. "ಹಸಿ ಹಿಟ್ಟು. ಮೊದಲ ದಿನದಿಂದಲೂ ಹಸಿ ಹಿಟ್ಟೇ. ಗೋಡೆ, ಚಪ್ಪಲಿ, ಎಲ್ಲಾ ನಾನು ಕಟ್ಟಿ ಹೇಳಿದ್ದು. ನಿಮಗೂ ಗೊತ್ತಾಗ್ತಿದೆ, ಸುಮ್ನೆ ಕೇಳ್ತಿದೀರಿ ಅಂದ್ಕೊಂಡಿದ್ದೆ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪ್ರೆಸ್ಸಿಗೆ ಫೋನು ಮಾಡಿ, ಒಂದು ಪುಟ ತಡೆಯಿರಿ ಎಂದ. ಆಮೇಲೆ, ಒಣಗಿದ ಅಣಬೆಗೆ ವಾಸನೆ ಉಳಿಯುವುದಿಲ್ಲ, ಹೊಸದು ಬೇಕು, ಬೆಳಿಗ್ಗೆ ಕಾಡಿಗೆ ಬನ್ನಿ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಹೊರಟುಹೋದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳು ಆ ರಾತ್ರಿ ಮಲಗಿದ್ದು ಹೆಸರಿಗೆ ಮಾತ್ರ.

ಕಾಡಿನಲ್ಲಿ ಅವನು ಮುಂದೆ, ಅವಳು ಹಿಂದೆ. ಒದ್ದೆ ಎಲೆಯ ಮೇಲೆ ಇಬ್ಬರ ಹೆಜ್ಜೆಯ ಸದ್ದು. ಬಿದ್ದ ಮರವೊಂದರ ಪಕ್ಕ ಆ ಬಿಳಿ ಅಣಬೆಗಳು ಏನೂ ಆಗಿಲ್ಲವೆಂಬಂತೆ ಗುಂಪಾಗಿ ನಿಂತಿದ್ದವು. ಅವಳು ಮಂಡಿಯೂರಿ, ನೆಲಕ್ಕೆ ಬಾಗಿ ಮೂಸಿದಳು. ಹಸಿ ಹಿಟ್ಟು. ಹೇಳಲು ತಲೆಯೆತ್ತಿದರೆ ಅವನು ಮೊದಲಿನಂತೆಯೇ ಅವಳ ಮುಖ ನೋಡುತ್ತಿದ್ದ. ಆ ನೋಟದಲ್ಲಿದ್ದದ್ದು ಬರೀ ಮೂಗಿಲ್ಲದವನ ಅಗತ್ಯವೇ ಎಂದು ನೆನೆದು ಅವಳಿಗೆ ಅಳು ಬಂತು. ಬಂದದ್ದನ್ನು ನುಂಗಿಕೊಂಡಳು.

ಕೋಣೆಗೆ ಬಂದ ಮೇಲೆ ಅವನು ಮೂರು ಲೋಟಗಳಲ್ಲಿ ಅಣಬೆ, ಹಿಟ್ಟು, ಸೋಂಪು ಇಟ್ಟು ಅವಳಿಗೆ ಕಣ್ಣು ಮುಚ್ಚಲು ಹೇಳಿದ. ಲೋಟಗಳನ್ನು ಅದಲುಬದಲು ಮಾಡಿ ಮತ್ತೆ ಮತ್ತೆ ಮೂಸಿಸಿದ. ಸೋಂಪನ್ನು ಅವಳು ಪ್ರತಿ ಸಲವೂ ಬೇರೆ ಮಾಡಿದಳು. ಅಣಬೆ ಯಾವುದು, ಹಿಟ್ಟು ಯಾವುದು ಎಂದು ಮಾತ್ರ ಕೊನೆಯವರೆಗೂ ಹೇಳಲಾಗಲಿಲ್ಲ.

"ಎರಡೂ ಒಂದೇ ಸರ್" ಎಂದಳು, ಸೋತವಳ ಹಾಗೆ.

"ಅದೇ ಬೇಕಾಗಿತ್ತು" ಎಂದು ಅವನು ಉಸಿರು ಬಿಟ್ಟ. ಚಿತ್ರದ ಕೆಳಗಿನ ಹೆಸರು ಹೊಡೆದುಹಾಕಿ ಇನ್ನೊಂದು ಹೆಸರು ಬರೆದ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ವಿಷ ಎಂದು ಬರೆದ. ಆಮೇಲೆ ತಲೆಯೆತ್ತದೆ ಕೇಳಿದ, "ಗೊತ್ತಿದ್ರೂ ಅಷ್ಟು ದಿನ ಯಾಕೆ ಹೇಳ್ಲಿಲ್ಲ?"

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಹೇಳಿದ್ರೆ ಕೆಲ್ಸ ಮುಗೀತಿತ್ತು. ಮುಗಿದ್ರೆ ನಾನು ಹೋಗ್ಬೇಕಿತ್ತು. ನನಗೆ ನಿಮ್ಮನ್ನ ಬಿಟ್ಟು ಹೋಗಕ್ಕೆ ಇಷ್ಟ ಇರ್ಲಿಲ್ಲ" ಎಂದಳು. ಹೇಳಿ ಬಣ್ಣದ ಪೆಟ್ಟಿಗೆ ಎತ್ತಿಕೊಂಡಳು. "ನೀವು ತಡ ಮಾಡ್ತಿದ್ದಿದ್ದೂ ಅದಕ್ಕೇ ಅಂದ್ಕೊಂಡಿದ್ದೆ. ತಪ್ಪು ನಂದೇ."

ಅವನು ಪೆನ್ನು ಕೆಳಗಿಟ್ಟ. ಎದ್ದು ಬಂದು ಅವಳು ಬರೆದ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. ಈಗ ಕಿವಿಯ ತುದಿ ನಿಜವಾಗಿಯೂ ಕೆಂಪಾಗಿತ್ತು.

"ವಾಸನೆ ಕೇಳಿದ್ದು ನಿಜವಾಗ್ಲೂ ಗೊತ್ತಾಗ್ದೇ. ಆದ್ರೆ ಈ ಬುಡದ ನವಿರು ಇದೆಯಲ್ಲ, ಇದು ಮೊದಲ ಸಲ ಬರೆದಾಗ್ಲೇ ಸರಿ ಇತ್ತು. ಇದಕ್ಕಿಂತ ಚೆನ್ನಾಗಿ ಯಾರಿಗೂ ಬರೆಯಕ್ಕಾಗಲ್ಲ."

"ಮತ್ತೆ ಅಷ್ಟು ಸಲ ವಾಪಸ್ ಕೊಟ್ರಿ?"

"ಕೊಟ್ಟೆ" ಎಂದ. "ನೀವು ಈಗ ಹೇಳಿದ್ರಲ್ಲ, ನನ್ನ ಕಾರಣಾನೂ ಅದೇ. ಸೋಮವಾರ ಕುಣಿದಿದ್ದು ಪುಸ್ತಕ ಮುಗೀತು ಅಂತ. ಮನೆಗೆ ಹೋಗ್ತಾ ದಾರೀಲಿ ಜ್ಞಾನೋದಯ ಆಯ್ತು, ಮುಗಿದಿದ್ದು ಬರೀ ಪುಸ್ತಕ ಅಲ್ಲ ಅಂತ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಬೆಳಿಗ್ಗೆ ನುಂಗಿದ ಅಳುವೂ ಬಂತು. ಎಷ್ಟು ಹೊತ್ತಾದರೂ ನವಿರನ್ನೇ ನೋಡುತ್ತ ನಿಂತವನ ಕೈಯಿಂದ ಚಿತ್ರ ಕಿತ್ತುಕೊಂಡು ಮೇಜಿನ ಮೇಲಿಟ್ಟಳು. ಆ ಕೈಯನ್ನು ಮಾತ್ರ ಬಿಡಲಿಲ್ಲ.

ಅಚ್ಚಾಗಿ ಬಂದ ಪುಸ್ತಕದಲ್ಲಿ ಆ ಪುಟದ ಕೆಳಗೆ ಹೊಸದೊಂದು ಸಾಲಿತ್ತು: ವಾಸನೆ ಹಸಿ ಹಿಟ್ಟಿನದು, ಮೂಸಿ ತಿಳಿಸಿದವರು ಚಿತ್ರಗಾರ್ತಿ. ತಜ್ಞನೇ ಯಾಕೆ ಮೂಸಲಿಲ್ಲ ಎಂದು ಎಲ್ಲರೂ ಕೇಳಿಯೇ ಕೇಳುತ್ತಾರೆ, ಬೇಡ ಎಂದು ಅವಳು ಹೇಳಿದ್ದಳು. ಕೇಳಲಿ ಎಂದಿದ್ದ. ಡೈರೆಕ್ಟರ್ ಕೇಳಿದರು, ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಒಂದಷ್ಟು ಗೊಣಗಿ, ಎರಡನೇ ಭಾಗಕ್ಕೂ ಇಬ್ಬರೂ ಕೂಡಿಯೇ ಕೆಲಸ ಮಾಡಿ ಎಂದರು. ಅಕ್ಕನಿಗೆ ಅವಳು ಫೋನಿನಲ್ಲಿ ಬರೋಲ್ಲ ಎಂದಾಗ ಅಕ್ಕ, ಕಾಲಿನ ಚಕ್ರ ತೆಗೆದವರು ಯಾರೇ ಎಂದು ಕೇಳಿದಳು.

ಈಗಲೂ ಅವನು ಬೆಳಿಗ್ಗೆ ಸೋಂಪಿನ ಡಬ್ಬಿ ತೆರೆದು ಕಣ್ಣು ಮುಚ್ಚಿ ನಿಲ್ಲುತ್ತಾನೆ. ಏನೂ ಬರುವುದಿಲ್ಲ. ಒಂದು ದಿನ ಹಾಗೆ ನಿಂತವನು ಡಬ್ಬಿ ಮುಚ್ಚಿ ಅವಳ ಕಡೆ ತಿರುಗಿದ.

"ನಿನ್ನ ವಾಸನೆ ಹೇಗಿರುತ್ತೆ?" ಎಂದ. ಬಹುವಚನ ಬಿಟ್ಟದ್ದು ಅವತ್ತೇ ಮೊದಲು.

ಅವಳು ತನ್ನ ಮುಂಗೈ ಮೂಸಿ ನೋಡಿಕೊಂಡಳು. ಈ ಸಲ ಸುಳ್ಳು ಹೇಳುವ ಮನಸ್ಸಿರಲಿಲ್ಲ.

"ನಂದು ನನಗೆ ಗೊತ್ತಾಗಲ್ಲ. ಅದನ್ನ ಬೇರೆಯವರೇ ಹೇಳ್ಬೇಕು."

"ಹಾಗಾದ್ರೆ ಕಾಯ್ಬೇಕಾಗುತ್ತೆ" ಎಂದ.

"ಕಾಯ್ತೀನಿ" ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು.