ನೆರೆಮನೆಗೆ ಎಷ್ಟು ಬೇಕು?

"ನಿಮ್ಮ ಮನೆಗೆ ದಿನವೊಂದಕ್ಕೆ ಎಷ್ಟು ವಿದ್ಯುತ್ತು ಬೇಕು? ದಯವಿಟ್ಟು ನಿಧಾನವಾಗಿ, ಸ್ಪಷ್ಟವಾಗಿ ಹೇಳಿ" ಎಂದು ಅಗತ್ಯಮಾಪಕ ಕೇಳಿತು.

ಅದನ್ನು ಹುಸೇನಬಿಯ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಯಂತ್ರದ ಹಲಗೆಯ ಮೇಲೆ ಇಟ್ಟಿದ್ದರು. ಗಾತ್ರದಲ್ಲಿ ನೀರಿನ ತಂಬಿಗೆಯಷ್ಟು, ಧ್ವನಿಯಲ್ಲಿ ಮಾತ್ರ ಹಳೆಯ ಕಾಲದ ರೇಡಿಯೋದಲ್ಲಿ ವಾರ್ತೆ ಓದುವವರಷ್ಟು ಗಂಭೀರ. ಅರವತ್ತು ದಾಟಿದ ಹುಸೇನಬಿ ಮನೆಗೆ ಬಂದ ಬೀಗರನ್ನು ನೋಡುವಂತೆ ಅದನ್ನು ನೋಡಿದಳು.

"ನಮಗೇನ್ ಬೇಕಪಾ, ಒಂದ್ ಬಲ್ಬ್ ಇದ್ರ ಮುಗೀತು. ನೀ ಚಾ ಕುಡೀತಿಯೇನು?"

ಮಾಪಕದ ಮೇಲೆ ಹಸಿರು ದೀಪ ಹತ್ತಿತು. ಎಂದರೆ, ಹೇಳಿದ ಮಾತಿನಲ್ಲಿ ಸುಳ್ಳಿಲ್ಲ. ಪಕ್ಕದಲ್ಲಿ ನಿಂತಿದ್ದ ಡಾ. ಸುಮತಿ ಹೆಬ್ಬಾರ್ ನಿಟ್ಟುಸಿರು ಬಿಟ್ಟರು. ಆ ದಿನ ಬೆಳಗಿನಿಂದ ಅವರು ಹೊಕ್ಕ ಮೂವತ್ತನೆಯ ಮನೆ ಅದು. ಮೂವತ್ತೂ ಮನೆಗಳಲ್ಲಿ ಒಂದೇ ಬಲ್ಬು, ಒಂದೇ ಹಸಿರು ದೀಪ, ಮೂವತ್ತು ಲೋಟ ಚಹಾ.

ಈ ಮಾಪಕ ಹುಟ್ಟಿದ್ದಕ್ಕೆ ಒಂದು ಕಾರಣವಿತ್ತು. ೨೦೭೧ರ ಹೊತ್ತಿಗೆ ವಿದ್ಯುತ್ ಕಂಪನಿಗಳಿಗೆ ತಂತಿಯ ತುದಿಯಲ್ಲಿರುವ ಹಳ್ಳಿಗಳು ಬೇಡವಾಗಿದ್ದವು. ಅವಕ್ಕೆ 'ಕೊನೆಕಂಬದ ಊರುಗಳು' ಎಂದು ಹೆಸರಿಟ್ಟು, ಇಡೀ ಊರಿಗೆ ಇಷ್ಟು ಎಂದು ಪಡಿ ಗೊತ್ತುಮಾಡಿದ್ದರು. ಊರಿನ ಒಟ್ಟು ಬಳಕೆ ಆ ಮಿತಿ ದಾಟಿದ ಕ್ಷಣ ಲೈನು ತಾನಾಗಿ ಕಡಿದುಹೋಗುತ್ತಿತ್ತು. ಮತ್ತೆ ಬರುವುದು ಮರುದಿನ ಬೆಳಿಗ್ಗೆಯೇ. ಗದಗ ಸೀಮೆಯ ಕಪ್ಪತಗುಡ್ಡದ ಮಗ್ಗುಲಲ್ಲಿದ್ದ ಗೊಗ್ಗರಮಟ್ಟಿ ಅಂಥದೊಂದು ಊರು, ನೂರಾ ನಲವತ್ತು ಮನೆ. ನೆತ್ತಿಯ ಮೇಲಿನ ಗುಡ್ಡಸಾಲಿನಲ್ಲಿ ದೊಡ್ಡ ದೊಡ್ಡ ಗಾಳಿಯಂತ್ರಗಳು ಹಗಲಿರುಳು ತಿರುಗಿ ದೂರದ ಪಟ್ಟಣಗಳಿಗೆ ಬೆಳಕು ಕಳಿಸುತ್ತಿದ್ದವು. ದೀಪದ ಬುಡ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಾಲದ್ದಕ್ಕೆ, ಬರುವ ಯುಗಾದಿಯಿಂದ ಆ ಪಡಿಯೂ ಅರ್ಧಕ್ಕೆ ಇಳಿಯುತ್ತದೆ ಎಂದು ಸುತ್ತೋಲೆ ಬಂದಿತ್ತು.

ಇಂಥ ಊರುಗಳು ತಮ್ಮದೇ ಗಾಳಿಯಂತ್ರ ಕಟ್ಟಿಕೊಳ್ಳಲಿ ಎಂದು ಸರ್ಕಾರ 'ಗಾಳಿ ನಿಧಿ' ತೆರೆದಿತ್ತು. ಅರ್ಧ ಹಣ ಊರವರು ಷೇರು ಕೂಡಿಸಿ ಹಾಕಬೇಕು, ಉಳಿದರ್ಧ ನಿಧಿ ಕೊಡುತ್ತದೆ. ಆದರೆ ಊರಿನ ನಿಜವಾದ ಅಗತ್ಯ ದಿನಕ್ಕೆ ಆರುನೂರು ಯೂನಿಟ್ಟಿಗೆ ಕಡಿಮೆ ಇರಬಾರದು. ಸಣ್ಣ ಊರಿಗೆ ದೊಡ್ಡ ಯಂತ್ರ ಕಟ್ಟಿ ತುಕ್ಕು ಹಿಡಿಸಿದ ಕಥೆಗಳು ನಿಧಿಯವರಿಗೆ ಬೇಕಾದಷ್ಟು ಗೊತ್ತಿದ್ದವು. ಮೊದಮೊದಲು ಜನ ಒಂದಕ್ಕೆ ಹತ್ತು ಹೇಳಿದರು. ಎಮ್ಮೆಗೆ ಫ್ಯಾನು ಬೇಕು ಎಂದವರಿದ್ದರು, ಎಮ್ಮೆ ಇಲ್ಲದೆಯೇ ಹಾಗೆಂದವರೂ ಇದ್ದರು. ಆಗ ಸುಮತಿಯವರು ನಾಲ್ಕು ವರ್ಷ ಕೂತು ಈ ಅಗತ್ಯಮಾಪಕ ಮಾಡಿದರು. ಅದರೊಳಗಿನ ಉತ್ಪ್ರೇಕ್ಷಾಶೋಧಕ ಮಾತಿನ ನಡುಕವನ್ನು ಅಳೆದು, ಮನೆಯ ಮೀಟರಿನ ಎರಡು ವರ್ಷದ ದಾಖಲೆಯ ಜೊತೆ ತಾಳೆ ನೋಡುತ್ತದೆ. ಬಂದ ಅಂಕಿಯನ್ನು ಯಾರೂ ತಿದ್ದುವಂತಿಲ್ಲ, ಸ್ವತಃ ಸುಮತಿಯವರೂ. ದುರಾಸೆಯನ್ನು ಹಿಡಿಯುವುದರಲ್ಲಿ ಅದು ಎಂದೂ ಸೋತಿರಲಿಲ್ಲ.

ಗೊಗ್ಗರಮಟ್ಟಿಯಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗಲಿಲ್ಲ. ಮೂರು ದಿನ ತಿರುಗಿದ ಮೇಲೆ ಬಂದ ಮೊತ್ತ ದಿನಕ್ಕೆ ನೂರಾ ತೊಂಬತ್ತು ಯೂನಿಟ್ಟು. ಪಟ್ಟಣದ ಒಂದು ಲಾಡ್ಜಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಮೀಟರಿನ ದಾಖಲೆಯೂ ಅದನ್ನೇ ಹೇಳಿತು. ಈ ಜನ ನಿಜಕ್ಕೂ ಸಂಜೆ ಏಳರ ಮೇಲೆ ಹೆಚ್ಚುಕಡಿಮೆ ಕತ್ತಲಲ್ಲೇ ಬದುಕುತ್ತಿದ್ದರು.

ಒಂದೇ ಒಂದು ಮನೆಗೆ ಕೆಂಪು ದೀಪ ಹತ್ತಿತ್ತು. ಮನೆ ಸಂಖ್ಯೆ ನಲವತ್ತೇಳು. 'ಒಂದು ಬಲ್ಬು' ಎಂದವರ ಮೀಟರಿನಲ್ಲಿ ಪ್ರತಿ ರಾತ್ರಿ ಆರು ಯೂನಿಟ್ಟು ಓಡುತ್ತಿತ್ತು. ಮಾಪಕ ತನ್ನ ಗಂಭೀರ ದನಿಯಲ್ಲಿ "ದುರ್ಬಳಕೆಯ ಶಂಕೆ" ಎಂದಿತು. ಅದು ಫಕೀರವ್ವ ಗುಡಿಮನಿಯ ಮನೆ. ಊರಿನ ಗಾಳಿ ಸಹಕಾರ ಸಂಘದ ಅಧ್ಯಕ್ಷೆ, ಬಾಗಿಲು ಬಾಗಿಲು ಅಲೆದು ನೂರಾ ನಲವತ್ತು ಮನೆಯಿಂದಲೂ ಷೇರು ಕೂಡಿಸಿದವಳು.

ಸುಮತಿಯವರು ಸಂಜೆ ಒಬ್ಬರೇ ಆ ಮನೆಗೆ ಹೋದರು. ಕದ ಒಳಗಿನಿಂದ ಹಾಕಿತ್ತು. ತಟ್ಟಿದಾಗ ಫಕೀರವ್ವ ಅರ್ಧ ತೆರೆದು, ಅಡ್ಡ ನಿಂತಳು.

"ಫಕೀರವ್ವನವರೇ, ನಿಮ್ಮ ಮೀಟರಿನ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು."

ಫಕೀರವ್ವ ಓಣಿಯ ಎರಡೂ ಕಡೆ ನೋಡಿದಳು. ಆಮೇಲೆ ದಾರಿ ಬಿಟ್ಟಳು.

ಒಳಕೋಣೆಯಲ್ಲಿ ಗೋಡೆಗೆ ಒರಗಿ ಆಕೆಯ ಗಂಡ ಯಮನಪ್ಪ ಕೂತಿದ್ದ. ಮೂಗಿಗೆ ಸಣ್ಣ ನಳಿಕೆ, ಮಗ್ಗುಲಲ್ಲಿ ಗುಂಯ್ ಎನ್ನುವ ಆಮ್ಲಜನಕದ ಯಂತ್ರ. ಇಪ್ಪತ್ತು ವರ್ಷ ಕಲ್ಲು ಒಡೆಯುವ ಕ್ರಷರಿನಲ್ಲಿ ದುಡಿದು, ಅದರ ಧೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಬಂದಿದ್ದ. ಹಗಲು, ಊರಿನ ಎಲ್ಲ ಮನೆಗಳಂತೆ, ಮಾಳಿಗೆಯ ಬಿಸಿಲುಫಲಕದಿಂದ ಯಂತ್ರ ನಡೆಯುತ್ತಿತ್ತು. ಸಂಜೆ ಏಳರಿಂದ ಬೆಳಗಿನ ತನಕ ಲೈನೇ ಗತಿ. ಪಡಿ ಅರ್ಧಕ್ಕಿಳಿದರೆ ಈ ಮನುಷ್ಯನ ಉಸಿರಿಗೆ ಜಾಗವಿರುವುದಿಲ್ಲ ಎಂಬುದು ಸುಮತಿಯವರಿಗೆ ಆಗಲೇ ಹೊಳೆಯಿತು.

"ಅಕ್ಕಾರ, ಇದನ್ನ ಬರಕೋಬ್ಯಾಡ್ರಿ" ಎಂದಳು ಫಕೀರವ್ವ. "ಮನಿ ಮನಿ ತಿರುಗಿ ಷೇರು ಕೂಡಿಸಿದಾಕಿ ನಾನು. ಗಂಡನ ಸಲುವಾಗಿ ಊರ ರೊಕ್ಕ ಎತ್ತಿದ್ಲು ಅಂದ್ರ ನಾ ಮಾರಿ ಎಲ್ಲಿ ಇಡ್ಲಿ?"

"ಊರಲ್ಲಿ ಯಾರಿಗೂ ಗೊತ್ತಿಲ್ಲವೇ?"

"ದಮ್ಮು ಐತಿ ಅಂತ ಗೊತ್ತೈತಿ. ಯಂತ್ರ ಗೊತ್ತಿಲ್ರಿ. ಕದಾ ಹಾಕ್ಕೊಂಡು ಹಚ್ತೀವಿ. ಮೊದಲೆಲ್ಲಾ ದಿನಾ ಲೈನ್ ಹೋಗ್ತಿತ್ತು. ಯಂತ್ರ ತಂದು ಒಂದ್ ವಾರ ಆದ ಮ್ಯಾಲೆ, ದೇವರ ದಯಾ, ಎರಡು ವರ್ಷ ಆತು, ಒಂದಿನಾನೂ ಹೋಗಿಲ್ಲ."

ದೇವರ ದಯೆಯ ಜೊತೆಗೆ ಲೈನ್‌ಮನ್ ಕಳಕಪ್ಪನ ದಯೆಯೂ ಇರಬೇಕೆಂದು ಆಕೆ ತಿಂಗಳಿಗೊಮ್ಮೆ ಅವನಿಗೆ ಒಂದು ಬಟ್ಟಲು ಬೆಣ್ಣೆ ಕೊಡುತ್ತಿದ್ದಳು. ಏಕೆಂದು ಆಕೆ ಹೇಳುತ್ತಿರಲಿಲ್ಲ, ಏಕೆಂದು ಅವನು ಕೇಳುತ್ತಲೂ ಇರಲಿಲ್ಲ.

"ನಿಮ್ಮೂರಿನವರು ಸಂಕೋಚಕ್ಕೆ ಕಡಿಮೆ ಹೇಳುತ್ತಿದ್ದಾರೆ" ಎಂದರು ಸುಮತಿ. "ನನ್ನ ಮಾಪಕಕ್ಕೆ ಹೆಚ್ಚು ಹೇಳುವವರನ್ನು ಹಿಡಿಯುವುದು ಗೊತ್ತು. ಕಡಿಮೆ ಹೇಳುವವರು ಇರುತ್ತಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಆರುನೂರು ಮುಟ್ಟದಿದ್ದರೆ ಅರ್ಜಿ ವಜಾ ಆಗುತ್ತದೆ. ಇನ್ನೊಂದು ಸಲ ಕೇಳಬಹುದು, ಪ್ರಶ್ನೆಯನ್ನೂ ಬದಲಿಸಬಹುದು. ಆದರೆ ಒಂದೇ ಸಲ."

ಯಮನಪ್ಪ ನಳಿಕೆ ಸರಿಮಾಡಿಕೊಂಡು ನಕ್ಕ. ಅವನ ಮಾತು ತುಂಡು ತುಂಡಾಗಿ ಬರುತ್ತಿತ್ತು. "ಅಕ್ಕಾರ, ನೀವು ಪಂಕ್ತ್ಯಾಗ ಉಂಡೀರಿಲ್ಲೋ? ನಾ ಭಾಳ ಬಡಿಸೀನಿ. ಉಣ್ಣಾಂವನ್ನ ಕೇಳಿದ್ರ... ಸಾಕು ಅಂತಾನ. ಬಾಜೂಕ ಕುಂತಾಂವ ಹೇಳ್ತಾನ, 'ಇವ್ರಿಗೆ ಇನ್ನೊಂದು ಹೋಳಿಗಿ ಹಾಕಪಾ' ಅಂತ. ಬಡಸಾವ್ರು ಅದನ್ನ ಕೇಳ್ಬೇಕು."

ವಿಜ್ಞಾನಿಗಳಿಗೆ ಇಂಥ ಮಾತು ಕೇಳಿದರೆ ನಿದ್ದೆ ಬರುವುದಿಲ್ಲ. ಬೆಳಗಾಗುವಷ್ಟರಲ್ಲಿ ಸುಮತಿಯವರು ಪ್ರಶ್ನೆ ಬದಲಿಸಿ ಮುಗಿಸಿದ್ದರು. ಮರುದಿನದಿಂದ ಮಾಪಕ ಪ್ರತಿ ಮನೆಯಲ್ಲೂ "ನಿಮ್ಮ ನೆರೆಮನೆಗೆ ಎಷ್ಟು ಬೇಕು? ಯಾತಕ್ಕೆ ಬೇಕು?" ಎಂದು ಕೇಳತೊಡಗಿತು. ಈ ಸಲ ನಿಯಮದಂತೆ ಉತ್ತರಗಳು ಅದರ ಹೊಟ್ಟೆಯಲ್ಲಿ ಮುಚ್ಚಿಯೇ ಇರಬೇಕಿತ್ತು. ಅದು ಬಾಯಿ ಬಿಡುವುದು ಗ್ರಾಮಸಭೆಯಲ್ಲಿ ಮಾತ್ರ. ಆದ್ದರಿಂದ ಸುಮತಿಯವರೂ ಹೊರಗೇ ನಿಂತರು. ಮೊದಲು ಒಂದೇ ಮಾತಿಗೆ ಮುಗಿಯುತ್ತಿದ್ದ ಮನೆಗಳಲ್ಲಿ ಈಗ ಅರ್ಧ ತಾಸು ಹಿಡಿಯುತ್ತಿತ್ತು.

ಸಭೆ ಶಾಲೆಯ ಅಂಗಳದಲ್ಲಿ ಕೂಡಿತು. ಫಕೀರವ್ವ ಅಧ್ಯಕ್ಷೆಯ ಕುರ್ಚಿಯಲ್ಲಿ ತುದಿಗೆ ಕೂತಿದ್ದಳು. ಆಕೆಗೆ ಭಯವಾಗಿತ್ತು. ಪಕ್ಕದ ಮನೆಯ ಹುಸೇನಬಿಗಾದರೂ ಯಂತ್ರದ ಸದ್ದು ಕೇಳಿಸಿರಬಹುದು, ಅವಳು ಹೇಳಿಬಿಟ್ಟಿರಬಹುದು ಎಂದು.

ಮಾಪಕ ಓದತೊಡಗಿತು. "ಮನೆ ಒಂದು. ಮಕ್ಕಳ ಓದಿಗೆ ಎರಡು ದೀಪ ಬೇಕು. ಎರಡು ವರ್ಷದಿಂದ ಸಂಜೆ ಏಳರ ಮೇಲೆ ಹಚ್ಚುತ್ತಿಲ್ಲ. ಮನೆ ಎರಡು. ಹಿಟ್ಟಿನ ಗಿರಣಿ ಇದೆ. ಎರಡು ವರ್ಷದಿಂದ ಸಂಜೆ ಏಳರ ಮೇಲೆ ನಡೆಸುತ್ತಿಲ್ಲ. ಮನೆ ಮೂರು..."

ಇಪ್ಪತ್ತನೆಯ ಮನೆಯ ಹೊತ್ತಿಗೆ ಸುಮತಿಯವರು ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಎಲ್ಲ ಮನೆಗೂ ಎರಡೇ ವರ್ಷ, ಎಲ್ಲ ಮನೆಗೂ ಏಳೇ ಗಂಟೆ. ಫಕೀರವ್ವ ಇನ್ನೂ ತನ್ನ ಭಯದಲ್ಲೇ ಇದ್ದಳು, ಆಕೆಗೆ ಏನೂ ತಿಳಿದಿರಲಿಲ್ಲ.

"ಮನೆ ನಲವತ್ತಾರು, ಹುಸೇನಬಿ ಅವರದು. ಹೊಲಿಗೆ ಯಂತ್ರ ಸಂಜೆ ನಿಲ್ಲಿಸಿದ್ದಾರೆ. ಅರ್ಧ ಗಳಿಕೆ ಹೋಗಿದೆ. ಮನೆ ನಲವತ್ತೇಳು. ಯಮನಪ್ಪ ಅವರ ಉಸಿರಿನ ಯಂತ್ರಕ್ಕೆ ರಾತ್ರಿಯೆಲ್ಲ ವಿದ್ಯುತ್ತು ಬೇಕು. ಇದನ್ನು ಹೇಳಿದ ಮನೆಗಳು, ನೂರಾ ಮೂವತ್ತೊಂಬತ್ತು." ಮಾಪಕ ನಿಯಮದಂತೆ ಒಂದು ಟಿಪ್ಪಣಿ ಸೇರಿಸಿತು. "ಇದು ನಿಮ್ಮ ನೆರೆಮನೆಯಲ್ಲ ಎಂದು ತಿಳಿಸಿದಾಗ, 'ನೆರಿಮನೀನ ಐತಿ, ಬರಕೋ' ಎಂದು ಉತ್ತರ ಬಂದಿದೆ."

ಫಕೀರವ್ವ ಎದ್ದು ನಿಂತು ಲೈನ್‌ಮನ್ ಕಳಕಪ್ಪನ ಕಡೆ ನೋಡಿದಳು.

ಅವನು ತಲೆ ಕೆರೆದುಕೊಂಡ. "ನಾ ಏನೂ ಮಾಡಿಲ್ಲಬೇ. ನೀ ಯಂತ್ರ ತಂದ ವಾರದಾಗ ಲೈನ್ ಯಾಕ ಇನ್ನೂ ಲಗೂನ ಹೋಗ್ತೈತಿ ಅಂತ ಮಂದಿ ಕೇಳಿದ್ರು. ಮೀಟರ್ ನೋಡಾಕ ಬಂದಾಗ ಯಂತ್ರದ ಸಪ್ಪಳ ಕೇಳಿದ್ದೆ. ಹಿಂಗೈತಿ ಅಂತ ಹೇಳಿದೆ. ಅವತ್ತಿನಿಂದ ಏಳರ ಮ್ಯಾಲೆ ಅವ್ರೇ ದೀಪಾ ಆರಸಾಕ ಚಾಲೂ ಮಾಡಿದ್ರು. ಬೆಣ್ಣಿ ಮಾತ್ರ ನಾ ತಿಂದೆ."

"ಮತ್ತ ಈ ತಂಬಗಿ ಕೇಳಿದಾಗ ಒಂದ್ ಬಲ್ಬ್ ಸಾಕು ಅಂತ ಯಾಕ ಹೇಳಿದ್ರಿ?" ಎಂದಳು ಫಕೀರವ್ವ. ಅದು ಸಿಟ್ಟೋ ಅಳುವೋ ಆಕೆಗೇ ಗೊತ್ತಿರಲಿಲ್ಲ. "ಎಲ್ಲಾ ನೀರಾಗ ಹೋಮ ಆಗ್ತಿತ್ತಲ್ಲ."

"ನಮಗೇನ್ ಗೊತ್ತವಾ" ಎಂದಳು ಹುಸೇನಬಿ. "ಅದು ಇದ್ದ ಕರೆಂಟ ಹಂಚಾಕ ಬಂದೈತಿ ಅಂತ ತಿಳಕೊಂಡ್ವಿ. ನಾವು ಹೆಚ್ಚಿಗಿ ಕೇಳಿದ್ರ ನಿಮ್ಮನೀದು ಕಡಿಮಿ ಆದೀತಲ್ಲ."

"ನನಗ ಒಂದ್ ಮಾತು ಹೇಳಬಾರದಿತ್ತೇನು?"

"ನೀ ಹೇಳಿದ್ದೇನು ನಮಗ?"

ಫಕೀರವ್ವ ಕುರ್ಚಿಯಲ್ಲಿ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಎರಡು ವರ್ಷ ಗುಟ್ಟು ಕಾಯ್ದು ಕಾಯ್ದು ಆಕೆ ಬಹಳ ದಣಿದಿದ್ದಳು. ಮಾಪಕ ಯಾರನ್ನೂ ಲೆಕ್ಕಿಸದೆ ಉಳಿದ ತೊಂಬತ್ತಮೂರು ಮನೆ ಓದಿ ಮುಗಿಸಿ, ಎಂಟುನೂರಾ ನಲವತ್ತು ಯೂನಿಟ್ಟು ಎಂದಿತು.

ಸುಮತಿಯವರು ವರದಿಯ ಕೊನೆಯಲ್ಲಿ ಒಂದು ತಪ್ಪೊಪ್ಪಿಗೆ ಬರೆದರು. ಗೊಗ್ಗರಮಟ್ಟಿಯವರು ಸಂಕೋಚಕ್ಕೆ ಸುಳ್ಳು ಹೇಳುತ್ತಿದ್ದಾರೆಂದು ತಾವು ತಿಳಿದದ್ದು ತಪ್ಪು. ಮಾಪಕವೇ ಸರಿಯಾಗಿತ್ತು, ಅವರು ನಿಜವಾಗಿಯೂ ಒಂದೇ ಬಲ್ಬಿನಲ್ಲಿ ಬದುಕುತ್ತಿದ್ದರು. ಒಬ್ಬ ಮನುಷ್ಯ ಎಷ್ಟು ಬಳಸುತ್ತಾನೆಂದು ಅಳೆಯುವ ಯಂತ್ರ ತಮ್ಮಲ್ಲಿದೆ, ಇನ್ನೊಬ್ಬರಿಗಾಗಿ ಎಷ್ಟು ಬಿಟ್ಟಿದ್ದಾನೆಂದು ಅಳೆಯುವ ಯಂತ್ರ ಇಲ್ಲ. ನಿಧಿಯ ಅಧಿಕಾರಿಗಳು ಆ ಪುಟ ಓದಿದರೋ ಇಲ್ಲವೋ, ಹಣ ಮಂಜೂರಾಯಿತು.

ಯುಗಾದಿಗೆ ಹನ್ನೊಂದು ದಿನ ಮೊದಲು, ಊರ ಹಿಂದಿನ ದಿಬ್ಬದ ಮೇಲೆ ಗೊಗ್ಗರಮಟ್ಟಿಯ ಸ್ವಂತ ಗಾಳಿಯಂತ್ರ ತಿರುಗಿತು. ಗುಡ್ಡದ ಗಾಳಿ ಹೇಗೂ ಸಂಜೆಗೇ ಜೋರು. ಊರಿಗೆ ಬೇಕಾದದ್ದರ ಮೇಲೆ ಇನ್ನೂ ಉಳಿಯುವಷ್ಟು ವಿದ್ಯುತ್ತು ತಂತಿಯಲ್ಲಿ ಹರಿಯಿತು. ಏಳು ಹೊಡೆಯಿತು. ಫಕೀರವ್ವ ಗಂಡನ ಯಂತ್ರ ಚಾಲೂ ಮಾಡಿ, ಮೊದಲ ಸಲ ಕದ ತೆರೆದಿಟ್ಟು ಹೊರಗೆ ಬಂದಳು. ಓಣಿಯುದ್ದಕ್ಕೂ ಕತ್ತಲು.

ಆಕೆ ಹುಸೇನಬಿಯ ಮನೆಗೆ ಹೋದಳು. ಮುದುಕಿ ಎಂದಿನಂತೆ ಆ ಒಂದು ಬಲ್ಬಿನ ಕೆಳಗೆ ಕೂತಿದ್ದಳು.

"ಅಕ್ಕಾ, ಮಷೀನ್ ಹಚ್ಚಬೇ. ಈಗ ಬೇಕಾದಷ್ಟೈತಿ."

"ಇರ್ಲಿ ಬಿಡವಾ, ರೂಢಿ ಆಗೇತಿ. ಮೊದಲನೇ ದಿನ ಬ್ಯಾರೆ. ಏನರ ಹೆಚ್ಚುಕಮ್ಮಿ ಆಗಿ ಯಮನಪ್ಪಗ ತ್ರಾಸ ಆದೀತು. ನಾಳೆ ನೋಡೂಣಂತ."

ಫಕೀರವ್ವ ಆಕೆಯೊಡನೆ ವಾದ ಮಾಡಲಿಲ್ಲ. ಪಡಸಾಲೆಯ ದೀಪ, ಅಡುಗೆಮನೆಯ ದೀಪ, ಹೊರಗಿನ ದೀಪ ಎಲ್ಲವನ್ನೂ ತಾನೇ ಹಚ್ಚಿದಳು. ಹೊಲಿಗೆ ಯಂತ್ರದ ಗುಂಡಿ ಒತ್ತಿದಳು. ಇಬ್ಬರೂ ಉಸಿರು ಹಿಡಿದು ಪಕ್ಕದ ಮನೆಯ ಕಡೆ ಕಿವಿಗೊಟ್ಟರು. ಯಮನಪ್ಪನ ಯಂತ್ರದ ಗುಂಯ್ ಸದ್ದು ನಿಲ್ಲದೆ ಬರುತ್ತಿತ್ತು.

ಇನ್ನೂ ನೂರಾ ಮೂವತ್ತೆಂಟು ಮನೆ ಉಳಿದಿದ್ದವು. ಫಕೀರವ್ವ ಸೆರಗು ಸಿಕ್ಕಿಸಿಕೊಂಡು ಹೋಗಿ ಮುಂದಿನ ಕದ ತಟ್ಟಿದಳು.