ಕೆಂಪು ಬೊಟ್ಟಿನ ಸೀಲು

ಮಿಸ್ತ್ರಿ ಜಿಲಾನಿ ನನ್ನ ಗಾಡಿಯ ಸೈಡ್ ಪ್ಯಾನೆಲ್ ಒಳಗಿಂದ ಏನನ್ನೋ ಬಿಚ್ಚಿ, ಮುಷ್ಟಿಯಲ್ಲಿ ಮುಚ್ಚಿ, ಅಂಗಿ ಜೇಬಿಗೆ ಇಳಿಸಿದ್ದನ್ನು ನಾನು ನೋಡಿಬಿಟ್ಟೆ. ಅವನು ತಿರುಗಿದ ಕೂಡಲೇ ಮೊಬೈಲ್ ನೋಡುವವಳ ಹಾಗೆ ನಟಿಸಿದೆ.

"ಏನಾಗಿತ್ರಿ?" ಅಂದೆ.

"ಏನಿಲ್ರಿ. ಸಾಕೆಟ್ಟಿನ ಪಿನ್ ಸಡ್ಲ ಆಗಿತ್ತು. ಬ್ಯಾಟರಿಗೆ ಚಾರ್ಜ್ ಹೋಗ್ತಿದ್ದಿಲ್ಲ. ಈಗ ಛಲೋ ಆತು."

"ಹೋದ ಸಲಾನೂ ಇದನ್ನ ಹೇಳಿದ್ರಿ."

"ಹೋದ ಸಲಾನೂ ಇದ ಆಗಿತ್ರಿ."

ಹೇಳುವಾಗ ಕಣ್ಣೆತ್ತಿ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿದ್ದವು.

ಅನುಮಾನ ಪಡುವುದೇ ನನ್ನ ನೌಕರಿ. ಯಲಬುರ್ಗಾದಿಂದ ಮಂಗಳೂರಿನವರೆಗೆ, ಸಮುದ್ರದ ಮಂಗಳೂರಲ್ಲ, ನಮ್ಮ ಜಿಲ್ಲೆಯ ಮಂಗಳೂರು, ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬಿಲ್ ಕೊಡುತ್ತೇನೆ. ಯಾರ ಮೀಟರಿನ ಸೀಲು ಒಡೆದಿದೆ, ಯಾರು ಹಿಂದಿನಿಂದ ವೈರು ಎಳೆದಿದ್ದಾರೆ ಎಂದು ಬಾಗಿಲಲ್ಲಿ ಸಿಗುವ ನಗು ನೋಡಿಯೇ ಹೇಳಬಲ್ಲೆ. "ಚಾ ಕುಡದ ಹೋಗ್ರಿ" ಎಂದು ಭಾಳ ಒತ್ತಾಯ ಮಾಡಿದವರ ಮೀಟರನ್ನು ಎರಡು ಸಲ ನೋಡುತ್ತೇನೆ.

ಗಾಡಿ ನನ್ನ ಅಬ್ಬಾನದು. ನನಗಿಂತ ಎರಡು ವರ್ಷಕ್ಕೆ ದೊಡ್ಡದು, ಅಂದರೆ ಅದಕ್ಕೀಗ ಇಪ್ಪತ್ತೆಂಟು. ಬ್ಯಾಟರಿ ಸತ್ತರೆ ಎಷ್ಟು ಕಿಕ್ ಹೊಡೆದರೂ ಜಪ್ಪಯ್ಯ ಅನ್ನುವುದಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ದಾದಿಮಾ ಕಾಸೀಮಬೀ, ಅಬ್ಬಾನ ತಾಯಿ. ನಾನು ಗಾಡಿ ಏರಿ ಊರೂರು ತಿರುಗುವುದು ಆಕೆಗೆ ಸುತರಾಂ ಇಷ್ಟವಿಲ್ಲ.

"ಎರಡ ಸಲ ಆತು ನೋಡ್ ಬೇಟಾ," ಎಂದಿದ್ದಳು ಅವತ್ತು ಮುಂಜಾನೆ. "ಇನ್ನೊಮ್ಮೆ ದಾರ್ಯಾಗ ನಿಂತ್ರ ನೌಕರಿ ಸಾಕು. ಗಂಗಾವತಿಯವರಿಗೆ ಹೂಂ ಅಂದುಬಿಡೂಣು."

ಗಂಗಾವತಿಯ ಆ ಹುಡುಗ ನನ್ನನ್ನು ನೋಡಲು ಬಂದಾಗ ಕೇಳಿದ್ದು ಒಂದೇ ಪ್ರಶ್ನೆ. "ಮದುವಿ ಆದ್ಮ್ಯಾಲೆ ಗಾಡಿ ಓಡಸೂದು ಬಿಡ್ತೀರಲ್ಲ?" ನಾನು ಉತ್ತರ ಕೊಟ್ಟಿರಲಿಲ್ಲ. ಗಾಡಿ ನಿಂತರೆ ಉತ್ತರ ತಾನೇ ಸಿಕ್ಕ ಹಾಗೆ ಆಗುತ್ತಿತ್ತು.

ಜಿಲಾನಿ ಬೇಕೆಂದೇ ಕೆಡಿಸುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಒಂದೋ ಒಳ್ಳೆಯ ಸಾಮಾನು ಕದಿಯುತ್ತಿದ್ದಾನೆ, ಇಲ್ಲವೇ ನಾನು ಮತ್ತೆ ಮತ್ತೆ ಬರಲಿ ಅಂತ. ಎರಡನೆಯದು ಹೊಳೆದಾಗ ಸಿಟ್ಟಿನ ಜೊತೆ ಇನ್ನೇನೋ ಆಯಿತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅವನ ಗ್ಯಾರೇಜಿನಿಂದ ಹೊರಟು, ಕುಷ್ಟಗಿ ರೋಡಿನ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದೆ. ಬ್ಯಾಟರಿಗೆ ಹೋಗುವ ಕರೆಂಟನ್ನು ಹದ ಮಾಡುವ ರೆಗ್ಯುಲೇಟರಿನ ಎರಡು ಸ್ಕ್ರೂಗಳ ಮೇಲೆ ಒಂದೊಂದು ಕೆಂಪು ಬೊಟ್ಟು. ಕರೆಂಟ್ ಹುಟ್ಟಿಸುವ ಕಾಯಿಲ್ ಇರುವ ಕವರಿನ ಮೇಲೆ ಒಂದು. ಕೊನೆಗೆ ಪ್ಯಾನೆಲ್ ಮುಚ್ಚಿ, ಅದು ಗಾಡಿಯ ಚೌಕಟ್ಟಿಗೆ ಕೂಡುವ ಸಂದಿನ ಮೇಲೆ ಇನ್ನೊಂದು. ಯಾರು ಮುಟ್ಟಿದರೂ ಬೊಟ್ಟು ಒಡೆಯಬೇಕು. ಮೀಟರಿಗೆ ಸೀಲು ಹಾಕಿದಷ್ಟೇ ಸಮಾಧಾನವಾಯಿತು.

ಹತ್ತನೇ ದಿನ ಮಂಗಳೂರಿನ ಹತ್ತಿರ, ಎರಡೂ ಕಡೆ ಕಡಲೆ ಹೊಲ ಇರುವಲ್ಲಿ, ಹಾರ್ನ್ ಮೊದಲು ಸೊರಗಿತು, ಆಮೇಲೆ ಗಾಡಿಯೇ ನಿಂತಿತು. ಮೂರನೇ ಸಲ. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ಕಳ್ಳನಿಗೇ ಫೋನ್ ಮಾಡಿದೆ.

ಅರ್ಧ ಗಂಟೆಯಲ್ಲಿ ಬಂದ. ತನ್ನ ಬೈಕಿನಿಂದ ಇಳಿದವನೇ ನನ್ನ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ.

"ತಡೀರಿ, ಮುಟ್ಟಬ್ಯಾಡ್ರಿ," ಅಂದೆ.

ಸಂದಿನ ಮೇಲಿನ ಬೊಟ್ಟು ಎರಡು ಹೋಳಾಗಿತ್ತು. ಪ್ಯಾನೆಲ್ ತೆಗೆದು ನೋಡಿದರೆ ಒಳಗಿನ ಬೊಟ್ಟುಗಳು ಹಾಗೇ ಇದ್ದವು. ಸಾಮಾನು ಬದಲಾಗಿಲ್ಲ, ಆದರೆ ಬಾಗಿಲು ಯಾರೋ ತೆಗೆದಿದ್ದಾರೆ. ಈ ಹತ್ತು ದಿನದಲ್ಲಿ ಜಿಲಾನಿ ಗಾಡಿಯ ಹತ್ತಿರವೂ ಸುಳಿದಿರಲಿಲ್ಲ.

ಅವನು ತನ್ನ ಬ್ಯಾಟರಿಯಿಂದ ವೈರು ಕೊಟ್ಟು ಗಾಡಿ ಚಾಲೂ ಮಾಡಿದ. ಮಲ್ಟಿಮೀಟರಿನ ಕಡ್ಡಿ ಬ್ಯಾಟರಿಗೆ ಹಿಡಿದು, ನೋಡು ಎನ್ನುವ ಹಾಗೆ ಅಂಕಿಯನ್ನು ನನ್ನ ಕಡೆ ತಿರುಗಿಸಿದ.

"ರೇಸ್ ಕೊಟ್ಟಾಗ ಹದಿನಾಲ್ಕು ವೋಲ್ಟ್ ಬರಬೇಕ್ರಿ. ಹನ್ನೆರಡು ದಾಟವಲ್ದು." ಕಡ್ಡಿ ಬೇರೆ ಕಡೆ ಇಟ್ಟ. "ಕಾಯಿಲ್ ಛಲೋ ಐತಿ. ರೆಗ್ಯುಲೇಟರ್ ಛಲೋ ಐತಿ. ಕರೆಂಟ್ ಹುಟ್ಟಾಕತ್ತೈತಿ, ಬ್ಯಾಟರಿಗೆ ಮುಟ್ಟವಲ್ದು."

"ದಾರ್ಯಾಗ ಯಾರರ ಕಳವು ಮಾಡಾಕತ್ತಾರೇನ್ರಿ?"

ನನ್ನ ದನಿಯ ಚೂಪು ತಿಳಿಯಿತೋ ಏನೋ, ಒಮ್ಮೆ ನಕ್ಕ. ನಕ್ಕರೆ ಎಡಗೆನ್ನೆಯ ಮೇಲೆ ಗುಳಿ ಬೀಳುತ್ತದೆ ಎಂಬುದನ್ನು ಆಗ ಗಮನಿಸಿದೆ. ಆಮೇಲೆ ಅವನ ಕೈ ವೈರುಗಳ ಗಂಟಿನೊಳಗೆ ಹೋಯಿತು, ಅಲ್ಲೇ ತಡೆಯಿತು, ಮುಷ್ಟಿಯಾಗಿ ಹೊರಬಂದು ಜೇಬಿನ ಕಡೆ ಹೊರಟಿತು.

ನಾನು ಅವನ ಮಣಿಕಟ್ಟು ಹಿಡಿದೆ.

"ಮುಷ್ಟಿ ಬಿಚ್ಚರಿ."

"ಬ್ಯಾಡ್ರಿ..."

"ಬಿಚ್ಚರಿ."

ಅಂಗೈಯಲ್ಲಿ ಇದ್ದದ್ದು ಕರಿದಾರದ ಒಂದು ತಾಯತ. ಅವನು ಇನ್ನೊಂದು ಕೈಯಿಂದ ತನ್ನ ಪಾನಾ-ಸ್ಕ್ರೂಡ್ರೈವರ್ ಚೀಲ ತಡಕಿ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಂಥವೇ ಇನ್ನೆರಡನ್ನು ತೆಗೆದು ತೋರಿಸಿದ.

"ಇದು ಮೂರನೇದ್ರಿ. ಸಾಕೆಟ್ಟಿಗೆ ಹಿಂಗ ಬಿಗಿದು ಕಟ್ಟಿದ್ರ, ತಗ್ಗಿನ್ಯಾಗ ಗಾಡಿ ಕುಣದಾಗೊಮ್ಮೆ ದಾರ ಜಗ್ಗಿ ಪಿನ್ ಹೊರಗ ಬರತೈತಿ."

"ಮೊದಲ ಸಲನ ಹೇಳಬೇಕಿತ್ತಿಲ್ಲ?"

"ಒಬ್ಬರು ದುವಾ ಮಾಡಿ ಕಟ್ಟಿದ್ದನ್ನ ಯಾಕ ಕಟ್ಟೀರಿ ಅಂತ ಹೆಂಗ ಕೇಳೂದ್ರಿ? ಬಿಸಾಕಾಕೂ ಮನಸಾಗಲಿಲ್ಲ." ಕಿವಿ ಮತ್ತೆ ಕೆಂಪಾದವು. "ಅದೂ ಅಲ್ದ, ನೀವ ಕಟ್ಟಿರಬೇಕಂತ ಅನುಮಾನ ಇತ್ರಿ."

"ನಾನ್ಯಾಕ ಕಟ್ಲಿ?"

"ಗಾಡಿ ಮ್ಯಾಲಿಂದ ಮ್ಯಾಲ ನನ್ನ ಕಡೇನ ಬರ್ಲಿ ಅಂತ."

ಅವನ ಮೇಲೆ ನಾನು ಪಟ್ಟ ಅನುಮಾನವನ್ನೇ ಅವನು ನನ್ನ ಮೇಲೆ ಪಟ್ಟಿದ್ದ! ನಗು ಉಕ್ಕಿತು, ಜೊತೆಗೆ ನಾಚಿಕೆಯೂ. ಅವನ ಮಣಿಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಟ್ಟೆ.

"ಮತ್ತ ಈ ಕೆಂಪು ಬೊಟ್ಟು?" ಎಂದು ಕೇಳಿದ.

"ನಿಮ್ಮನ್ನ ಹಿಡಿಯಾಕ ಇಟ್ಟಿದ್ದು."

"ಹಿಡದ್ರಲ್ರಿ," ಎಂದು ತನ್ನ ಮಣಿಕಟ್ಟನ್ನು ಸವರಿಕೊಂಡ.

ಮನೆಗೆ ಹೋಗಿ ತಾಯತ ಮುಂದಿಟ್ಟಾಗ ದಾದಿಮಾ ನನ್ನ ಮೇಲೇ ಹರಿಹಾಯ್ದಳು. "ಹ್ಯಾಂಡಲಿಗೆ ಕಟ್ಟಿದ್ದನ್ನ ಮಂದಿ ನಗ್ತಾರಂತ ನೀ ಕಿತ್ತಿ. ಅದಕ್ಕ ನಿನ್ನ ಕಣ್ಣಿಗೆ ಬೀಳದಂಗ ಒಳಗ ಕಟ್ಟಿದೆ. ಮಿಸ್ತ್ರಿ ಕಡೆ ಹೋಗಿ ಬಂದಾಗೊಮ್ಮೆ ಮಾಯ ಆಗತಿತ್ತು. ಅಂವ ಕಳ್ಳ ಅಂತ ನಾ ಆಗಳೇ ಅನ್ಕೊಂಡೆ."

ಅನುಮಾನ ನಮ್ಮ ಮನೆತನದ ಆಸ್ತಿ ಎಂದು ಅವತ್ತು ಗೊತ್ತಾಯಿತು. ನಾನು ಸುರಕ್ಷಿತವಾಗಿ ಮನೆಗೆ ಬರಲಿ ಅಂತ ಕಟ್ಟಿದ ತಾಯತವೇ ನನ್ನನ್ನು ದಾರಿಯಲ್ಲಿ ನಿಲ್ಲಿಸುತ್ತಿತ್ತು. ಹೇಳಿದಾಗ ಆಕೆಯ ಮುಖ ಸಣ್ಣದಾಯಿತು.

"ಅಂವ ಬಿಸಾಕಲಿಲ್ಲೇನು?"

"ಬಿಳಿ ಬಟ್ಟ್ಯಾಗ ಸುತ್ತಿ ಇಟ್ಟಿದ್ದ."

ದಾದಿಮಾ ತಾಯತವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ, "ಗಂಗಾವತಿಯವರಿಗೆ ಈಗ ಏನೂ ಹೇಳೂದು ಬ್ಯಾಡ," ಎಂದಳು.

ಮರುದಿನ ಜಿಲಾನಿ ಸೀಟಿನ ಕೆಳಗೆ, ವೈರುಗಳಿಂದ ದೂರ, ತಾಯತಕ್ಕೆ ಚರ್ಮದ ಸಣ್ಣ ಚೀಲ ಕಟ್ಟಿಕೊಟ್ಟ. ಪ್ಯಾನೆಲ್ ಮುಚ್ಚಿ, ನನ್ನ ಬಾಟಲಿ ಕೇಳಿ ಪಡೆದು, ಸಂದಿನ ಮೇಲೆ ತಾನೇ ಒಂದು ಬೊಟ್ಟು ಇಟ್ಟ.

ಆಮೇಲೆ ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಹಾರ್ನ್ ಊರಿಗೆಲ್ಲ ಕೇಳುವಂತಿತ್ತು. ಇಪ್ಪತ್ತು ದಿನ ಅವನ ಗ್ಯಾರೇಜಿನ ಮುಂದೆ ಹಾದುಹೋಗುತ್ತ, ಇಳಿಯಲು ಒಂದು ನೆಪವೂ ಇಲ್ಲದೆ, ಚೆನ್ನಾಗಿ ಓಡುವ ಗಾಡಿಯ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಅವನನ್ನು ನೋಡಬೇಕಿತ್ತು. ಅಷ್ಟೇ.

ಇಪ್ಪತ್ತೊಂದನೇ ದಿನ ಗಾಡಿ ತಳ್ಳಿಕೊಂಡು ಅವನ ಮುಂದೆ ನಿಂತೆ.

"ಚಾಲೂ ಆಗವಲ್ದು."

ಅವನು ಇಂಜಿನ್ನಿನ ಮೇಲೆ ಕೈಯಿಟ್ಟು ಚುರುಕ್ಕೆಂದು ಹಿಂದೆಗೆದ. "ಸುಡಾಕತ್ತೈತಿ. ಈಗ ನಿಂತತೇನ್ರಿ?"

"ಹೂಂ. ಆ ಮೂಲ್ಯಾಗ."

ಪ್ಯಾನೆಲ್ ಹತ್ತಿರ ಬಗ್ಗಿದ. ನಾನೂ ಬಗ್ಗಿದೆ.

"ತಡೀರಿ, ಮುಟ್ಟಬ್ಯಾಡ್ರಿ," ಎಂದ.

ಅವನ ಬೊಟ್ಟು ಒಡೆದಿತ್ತು. ಒಳಗೆ ಫ್ಯೂಸ್ ಇರುವ ಜಾಗ ಖಾಲಿ. ಅವನು ಎದ್ದು ನಿಂತು ನನ್ನ ಬಲಗೈಯನ್ನೇ ನೋಡಿದ. ಗುಳಿ ಬೀಳದ ಹಾಗೆ ತುಟಿ ಬಿಗಿಹಿಡಿದಿದ್ದ.

"ಮುಷ್ಟಿ ಬಿಚ್ಚರಿ."

ಬಿಚ್ಚಿದೆ. ಬೆವರಿದ ಅಂಗೈಯಲ್ಲಿ ಫ್ಯೂಸ್ ಹೊಳೆಯಿತು.

"ಸೀಲ್ ಒಡದೋರಿಗೆ ನಿಮ್ಮ ಕಡೆ ಏನ್ ಮಾಡ್ತಾರ್ರಿ?"

"ಮನಿಗೆ ಹೋಗಿ ನೋಟಿಸ್ ಕೊಡ್ತಾರ," ಅಂದೆ ನೆಲ ನೋಡುತ್ತ.

"ಹಂಗಾರ ಶುಕ್ರವಾರ ನಮ್ಮ ಅಮ್ಮೀನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ಲಿ?"

ಹೂಂ ಎನ್ನಲು ಬಾಯಿ ತೆರೆದೆ. ಆದರೂ ಹುಟ್ಟುಗುಣ ಬಿಡಬೇಕಲ್ಲ. "ಒಂದ ಮಾತು. ಮದುವಿ ಆದ್ಮ್ಯಾಲೆ ಈ ಗಾಡಿ..."

"ಅದನ್ನ ಹೇಳೋನಿದ್ದೆ," ಎಂದ ನಡುವೆಯೇ. "ಈ ಬ್ಯಾಟರಿ ಭಾಳ ದಿನ ಬಾಳಂಗಿಲ್ರಿ. ಹೊಸಾದು ಹಾಕೂಣು. ಮಳಿಗಾಲದಾಗ ನೀವು ಮಂಗಳೂರು ರೋಡಿಗೆ ಹೋಗೋರು."

ಅವನ ಕಣ್ಣನ್ನು, ಭಾಳ ಒತ್ತಾಯದಿಂದ ಚಾ ಕೊಡುವ ಮನೆಯ ಮೀಟರಿನ ಹಾಗೆ, ಎರಡು ಸಲ ನೋಡಿದೆ. ಎರಡು ಸಲವೂ ಒಂದೇ ರೀಡಿಂಗ್ ಬಂತು.

ಫ್ಯೂಸನ್ನು ಅವನ ಅಂಗೈಯಲ್ಲಿಟ್ಟು, "ನಮಾಜ್ ಮುಗಿಸ್ಕೊಂಡ ಬರ್ರಿ," ಅಂದೆ. "ದಾದಿಮಾ ಊಟಕ್ಕ ಕಾಯ್ತಾಳ."